ಬೆಂಗಳೂರಿನ ಕೆರೆ, ರಾಜಕಾಲುವೆಗಳಿಗೆ ವೈಎಸ್‌ಐ ಪ್ರೋಡಿಎಸ್‌ಎಸ್ ಮೀಟರ್: ವರ್ಷಗಟ್ಟಲೆ ಅಳೆಯುವವರಿಗೆ ಒಂದು ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ಕೆರೆಯನ್ನೋ ರಾಜಕಾಲುವೆಯನ್ನೋ ಕನಿಷ್ಠ ಮೂರು ವರ್ಷ, ತಿಂಗಳು ತಪ್ಪದೆ ಅಳೆಯುವ ಜನ ಮತ್ತು ದುಡ್ಡು ಎರಡೂ ನಿಮ್ಮಲ್ಲಿದ್ದರೆ ವೈಎಸ್‌ಐ ಕಂಪನಿಯ ಪ್ರೋಡಿಎಸ್‌ಎಸ್ ನೀರಿನ ಗುಣಮಟ್ಟ ಅಳೆಯಲು ಧಾರಾಳವಾಗಿ ಕೊಳ್ಳಬಹುದಾದ ಮೀಟರ್. ಒಂದು ವರದಿ ಬರೆದು, ಒಂದು ಪತ್ರಿಕಾಗೋಷ್ಠಿ ಮಾಡಿ ಮುಗಿಸುವ ಕೆಲಸಕ್ಕಾದರೆ ಇದು ದಂಡ. ಆ ದುಡ್ಡಿನಲ್ಲಿ ಒಳ್ಳೆಯ ಲ್ಯಾಬಿಗೆ ಹತ್ತಾರು ಮಾದರಿ ಕಳಿಸಿದರೆ ಹೆಚ್ಚು ಪ್ರಯೋಜನ.

ಸಿಎಸ್‌ಆರ್ ಹಣ ಕೈಗೆ ಬಂದ ಕೂಡಲೇ ಕೆರೆ ಸಮಿತಿಗಳು, ಕಾಲೇಜಿನ ಪರಿಸರ ವಿಭಾಗಗಳು "ಯಾವ ಮೀಟರ್ ತಗೊಳ್ಳೋಣ" ಎಂದು ಕೇಳುತ್ತವೆ. "ಅದನ್ನು ಯಾರು ಕ್ಯಾಲಿಬ್ರೇಟ್ ಮಾಡ್ತಾರೆ" ಎಂದು ಕೇಳುವವರು ಅಪರೂಪ. ಕ್ಯಾಲಿಬ್ರೇಟ್ ಎಂದರೆ ಅಂಕಿ ಮೊದಲೇ ಗೊತ್ತಿರುವ ದ್ರಾವಣಕ್ಕೋ ಗಾಳಿಗೋ ಮೀಟರನ್ನು ಹೊಂದಿಸುವುದು. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಎರಡನೆಯ ಪ್ರಶ್ನೆಗೇ ಹೋಗುತ್ತದೆ, ಏಕೆಂದರೆ ಈ ಮೀಟರಿನ ಬೆಲೆ ಬಾಳುವುದೂ ಬಾಳದಿರುವುದೂ ಅಲ್ಲೇ ತೀರ್ಮಾನವಾಗುತ್ತದೆ.

ಪೆಟ್ಟಿಗೆಯಲ್ಲಿ ಏನಿರುತ್ತದೆ

ಕೈಯಲ್ಲಿ ಹಿಡಿಯುವ ಒಂದು ಮೀಟರ್, ಅದಕ್ಕೆ ಕೇಬಲ್, ಕೇಬಲ್ಲಿನ ತುದಿಯಲ್ಲಿ ನಾಲ್ಕು ಸೆನ್ಸರ್ ಕೂರಿಸುವ ತೂತುಗಳು. ಸೆನ್ಸರ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬೇಕು. ಅವುಗಳ ಮೇಲೆ ಗಾರ್ಡ್, ಕ್ಯಾಲಿಬ್ರೇಷನ್‌ಗೆ ಒಂದು ಕಪ್, ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ. ಮೀಟರಿನೊಳಗೇ ಜಿಪಿಎಸ್ ಮತ್ತು ವಾಯುಭಾರಮಾಪಕ ಇವೆ. ಬೆಂಗಳೂರಿಗೆ ಈ ಎರಡನೆಯದು ಎಷ್ಟು ಮುಖ್ಯ ಎಂಬುದು ಮುಂದೆ ಬರುತ್ತದೆ.

ಕೇಬಲ್ 1 ಮೀಟರಿನಿಂದ 100 ಮೀಟರಿನವರೆಗೆ ಸಿಗುತ್ತದೆ. ನಗರದ ಕೆರೆಗಳು ಹೆಚ್ಚಾಗಿ ಆಳವಿಲ್ಲದವು. ಕೋಡಿಯ ಕಟ್ಟೆಯಿಂದಲೋ ತೆಪ್ಪದಿಂದಲೋ ಇಳಿಸಲು 4 ಮೀಟರ್ ಸಾಕು. ರಾಜಕಾಲುವೆಯ ಸೇತುವೆ ಮೇಲಿಂದ ಇಳಿಸುವವರು 10 ಮೀಟರ್ ತೆಗೆದುಕೊಳ್ಳಿ. ಅದಕ್ಕಿಂತ ಉದ್ದದ್ದು ಸುಮ್ಮನೆ ಭಾರ, ಸುಮ್ಮನೆ ಖರ್ಚು. ಪ್ರವಾಹ ಜೋರಿದ್ದಲ್ಲಿ ಕೇಬಲ್ಲಿನಿಂದಲೇ ಜಗ್ಗಬೇಡಿ. ಪಕ್ಕದಲ್ಲಿ ಒಂದು ನೈಲಾನ್ ಹಗ್ಗ ಕಟ್ಟಿ ಭಾರವನ್ನು ಅದರ ಮೇಲೆ ಬಿಡಿ.

ನಾಲ್ಕು ತೂತುಗಳಲ್ಲಿ ನಮ್ಮ ಶಿಫಾರಸು: ವಿದ್ಯುತ್ ವಾಹಕತೆ ಮತ್ತು ಉಷ್ಣತೆ ಒಂದರಲ್ಲಿ, ಕರಗಿದ ಆಮ್ಲಜನಕ ಅಂದರೆ ಡಿಒ ಇನ್ನೊಂದರಲ್ಲಿ, ಆಮ್ಲ-ಕ್ಷಾರ ಅಳೆಯುವ ಪಿಎಚ್ ಮೂರನೆಯದರಲ್ಲಿ, ನೀರಿನ ಕದಡು ಅಳೆಯುವ ಟರ್ಬಿಡಿಟಿ ಸೆನ್ಸರ್ ನಾಲ್ಕನೆಯದರಲ್ಲಿ. ಡೀಲರ್‌ಗಳು ನಾಲ್ಕನೆಯದಕ್ಕೆ ಅಮೋನಿಯಂ ಸೆನ್ಸರ್ ಹಾಕಿಸಿಕೊಳ್ಳಿ ಎಂದು ಒತ್ತಾಯಿಸುವುದುಂಟು. ಬೇಡ, ಕಾರಣ ಕೆಳಗಿದೆ. ಯಾವುದಾದರೂ ತೂತು ಖಾಲಿ ಬಿಟ್ಟರೆ ಅದಕ್ಕೆ ಮುಚ್ಚಳ ಹಾಕಲೇಬೇಕು. ಒಂದು ಸಲ ಒಳಗಿನ ಪಿನ್‌ಗೆ ಚರಂಡಿ ನೀರು ಹೋದರೆ ತುಕ್ಕು ಹಿಡಿದು ಕೇಬಲ್ಲೇ ಹೋಗುತ್ತದೆ. ಸೆನ್ಸರ್ ಕೂರಿಸುವಾಗ ನೀರು ತಡೆಯುವ ರಬ್ಬರ್ ಬಳೆ ಓ-ರಿಂಗ್‌ಗೆ ತೆಳ್ಳಗೆ ಗ್ರೀಸ್ ಸವರಿ, ಪಿನ್‌ಗೆ ತಾಗಬಾರದು.

ಡಿಒ: ಇದಕ್ಕಾಗಿಯೇ ದುಡ್ಡು ಕೊಡುವುದು

ಹಳೆಯ ಡಿಒ ಮೀಟರ್‌ಗಳಲ್ಲಿ ತೆಳು ಪೊರೆಯ ಹಿಂದೆ ಲೋಹದ ಎಲೆಕ್ಟ್ರೋಡ್ ಇರುತ್ತದೆ. ಅದು ಅಳೆಯುತ್ತಾ ಆಮ್ಲಜನಕವನ್ನು ತಾನೇ ತಿನ್ನುತ್ತದೆ. ಆದ್ದರಿಂದ ಪ್ರೋಬನ್ನು ನೀರಿನಲ್ಲಿ ಅಲ್ಲಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಅಂಕಿ ಇಳಿಯುತ್ತಾ ಹೋಗುತ್ತದೆ. ನಮ್ಮ ರಾಜಕಾಲುವೆಗಳಲ್ಲಿ ಇನ್ನೊಂದು ತೊಂದರೆ ಇದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಪೊರೆ ದಾಟಿ ಒಳಗಿನ ಬೆಳ್ಳಿಯನ್ನು ಕಪ್ಪಗಾಗಿಸುತ್ತದೆ, ಎಲೆಕ್ಟ್ರೋಡ್ ಮಂಕಾಗುತ್ತದೆ. ಪ್ರೋಡಿಎಸ್‌ಎಸ್‌ನ ಡಿಒ ಸೆನ್ಸರ್ ಬೆಳಕಿನಿಂದ ಕೆಲಸ ಮಾಡುವಂಥದ್ದು. ಕ್ಯಾಪಿನ ಮೇಲಿನ ಬಣ್ಣದ ಪದರಕ್ಕೆ ನೀಲಿ ಬೆಳಕು ಬಿದ್ದಾಗ ಅದು ಮಿನುಗುತ್ತದೆ, ಆಮ್ಲಜನಕ ಹೆಚ್ಚಿದ್ದಷ್ಟೂ ಆ ಮಿನುಗು ಬೇಗ ಆರುತ್ತದೆ. ಆಮ್ಲಜನಕ ಖರ್ಚಾಗುವುದಿಲ್ಲ, ಅಲ್ಲಾಡಿಸುವ ಅಗತ್ಯವಿಲ್ಲ, ಸಲ್ಫೈಡಿನ ಕಾಟವಿಲ್ಲ. ಕಂಪನಿ ಹೇಳುವ ನಿಖರತೆ 0ದಿಂದ 20 ಮಿ.ಗ್ರಾಂ/ಲೀ ವರೆಗೆ 0.1 ಮಿ.ಗ್ರಾಂ ಅಥವಾ ಶೇ 1, ಯಾವುದು ಹೆಚ್ಚೋ ಅದು. ಚೆನ್ನಾಗಿ ನೋಡಿಕೊಂಡರೆ ಅದು ನಿಜವಾಗಿಯೂ ಸಿಗುತ್ತದೆ.

ಕ್ಯಾಲಿಬ್ರೇಷನ್ ಹೀಗೆ: ಕಪ್ಪಿನ ತಳದಲ್ಲಿ ಕೆಲವೇ ಮಿಲಿಮೀಟರ್ ನೀರು ಹಾಕಿ. ಸೆನ್ಸರ್ ಅದರಲ್ಲಿ ಮುಳುಗಬಾರದು. ಡಿಒ ಕ್ಯಾಪ್ ಮೇಲೆ, ಉಷ್ಣತೆಯ ಕಡ್ಡಿಯ ಮೇಲೆ ಒಂದು ಹನಿಯೂ ನಿಲ್ಲದಂತೆ ಮೆತ್ತಗೆ ಒರೆಸಿ. ಕಪ್ಪನ್ನು ಪೂರ್ತಿ ಬಿಗಿಯದೆ ಒಂದು ಸುತ್ತು ಸಡಿಲ ಬಿಡಿ, ಒಳಗಿನ ಗಾಳಿಯ ಒತ್ತಡ ಹೊರಗಿನಷ್ಟೇ ಇರಬೇಕು. ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಉಷ್ಣತೆ ನಿಂತ ಮೇಲೆ ಒಪ್ಪಿಗೆ ಒತ್ತಿ. ಬಿಸಿಲಿನಲ್ಲಿ ಕಾರಿನ ಬಾನೆಟ್ ಮೇಲಿಟ್ಟು ಎರಡು ನಿಮಿಷದಲ್ಲಿ ಮುಗಿಸಿದ ಕ್ಯಾಲಿಬ್ರೇಷನ್ ಇಡೀ ದಿನದ ಅಂಕಿಗಳನ್ನು ಹಾಳು ಮಾಡುತ್ತದೆ.

ಹೊಸಬರು ಗಾಬರಿಯಾಗಿ ಡೀಲರ್‌ಗೆ ಫೋನ್ ಮಾಡುವುದು ಇಲ್ಲೇ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಪರದೆ ಡಿಒ ಶೇ 100 ತೋರಿಸುವುದಿಲ್ಲ, ಸುಮಾರು ಶೇ 90 ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ 683 ಮಿ.ಮೀ. ಪಾದರಸದ ಆಸುಪಾಸು. ಸಮುದ್ರಮಟ್ಟದ 760ಕ್ಕೆ ಹೋಲಿಸಿದರೆ ಅದು ಶೇ 90. ಶೇಕಡಾವಾರನ್ನು ಊರಿನ ಒತ್ತಡಕ್ಕೇ ಹೋಲಿಸಿ 100 ಎಂದು ತೋರಿಸುವ 'ಲೋಕಲ್' ಆಯ್ಕೆಯೂ ಮೆನುವಿನಲ್ಲಿದೆ. ಯಾವುದನ್ನು ಇಟ್ಟುಕೊಂಡಿದ್ದೀರಿ ಎಂದು ದಾಖಲೆ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ, ನಡುವೆ ಬದಲಿಸಬೇಡಿ. ಇದಕ್ಕಿಂತ ದೊಡ್ಡ ಅನಾಹುತವೆಂದರೆ ಯಾರೋ ಉತ್ಸಾಹಿ ಹವಾಮಾನದ ಆ್ಯಪ್ ನೋಡಿ, ಅಲ್ಲಿ ಕಾಣುವ 1013 ಹೆಕ್ಟೋಪ್ಯಾಸ್ಕಲ್ ಅಂಕಿಗೆ ಮೀಟರಿನ ವಾಯುಭಾರಮಾಪಕವನ್ನು 'ಸರಿಪಡಿಸುವುದು'. ಹವಾಮಾನ ವರದಿಯ ಒತ್ತಡ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು, ಇಲ್ಲಿ ನಿಜವಾಗಿ ಇರುವುದು 910ರ ಹತ್ತಿರ. ಹಾಗೆ ಬದಲಿಸಿದರೆ ಡಿಒ ಸುಮಾರು ಶೇ 12ರಷ್ಟು ಜಾಸ್ತಿ ಬರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ನೀರು 8.26 ಮಿ.ಗ್ರಾಂ/ಲೀ ಆಮ್ಲಜನಕ ಹಿಡಿದುಕೊಂಡರೆ ಬೆಂಗಳೂರಿನ ನೀರು ಹಿಡಿದುಕೊಳ್ಳುವುದು 7.4ರಷ್ಟು ಮಾತ್ರ. ಹಳೆಯ ವರದಿಗಳಲ್ಲಿ ಪಾಚಿಯೇ ಇಲ್ಲದ ತಿಳಿನೀರಿಗೆ 25 ಡಿಗ್ರಿಯಲ್ಲಿ 8.2 ಕಂಡರೆ ಅನುಮಾನಿಸಿ.

ತಿಂಗಳಿಗೊಮ್ಮೆ ಸೊನ್ನೆಯನ್ನೂ ನೋಡಬೇಕು. ಅರ್ಧ ಲೀಟರ್ ನಲ್ಲಿ ನೀರಿಗೆ 8ರಿಂದ 10 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಸೆನ್ಸರ್ ಅದ್ದಿದರೆ ಅಂಕಿ ಸೊನ್ನೆಯ ಪಕ್ಕಕ್ಕೆ ಬರಬೇಕು. ವೃಷಭಾವತಿಯಲ್ಲೋ ಬೆಳ್ಳಂದೂರಿಗೆ ಸೇರುವ ಕಾಲುವೆಯಲ್ಲೋ ಅಳೆಯುವವರಿಗೆ ಈ ಪರೀಕ್ಷೆ ಬಹಳ ಮುಖ್ಯ. ಅಲ್ಲಿನ ಅಂಕಿಗಳು ಸೊನ್ನೆಯ ಹತ್ತಿರವೇ ಓಡಾಡುತ್ತವೆ, 0.2ಕ್ಕೂ 0.6ಕ್ಕೂ ಇರುವ ವ್ಯತ್ಯಾಸ ನೀರಿನದೋ ಸೆನ್ಸರಿನದೋ ಎಂದು ಬೇರೆ ಯಾವ ದಾರಿಯಿಂದಲೂ ಗೊತ್ತಾಗದು.

ಕ್ಯಾಪ್ ಒಣಗಬಾರದು. ಎಂಟು ಗಂಟೆಗಿಂತ ಹೆಚ್ಚು ಒಣಗಿ ಬಿದ್ದಿದ್ದರೆ ನಲ್ಲಿ ನೀರಿನಲ್ಲಿ ಒಂದು ದಿನ ನೆನೆಸಿ ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣದ ಪದರ ಹಾಳಾಗುತ್ತದೆ. ಚರಂಡಿಯಿಂದ ತೆಗೆದ ಕೂಡಲೇ ಕೈ ಹೋಗುವುದು ಜೇಬಿನ ಸ್ಯಾನಿಟೈಸರ್ ಬಾಟಲಿಗೇ, ಆದ್ದರಿಂದ ಇದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದು ಅಂಟಿಸಿ. ಕ್ಯಾಪಿನ ಜತೆ ಬರುವ ಚೀಟಿಯಲ್ಲಿ ಆ ಕ್ಯಾಪಿನದೇ ಅಂಕಿಗಳಿರುತ್ತವೆ. ಹೊಸ ಕ್ಯಾಪ್ ಹಾಕಿದಾಗ ಅವನ್ನು ಮೀಟರಿಗೆ ತುಂಬಬೇಕು. ಚೀಟಿಯ ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.

ಪಿಎಚ್: ಮೊದಲು ಸಾಯುವ ಸೆನ್ಸರ್

ಪಿಎಚ್ ಮಾಡ್ಯೂಲಿನ ಆಯುಷ್ಯ 12ರಿಂದ 24 ತಿಂಗಳು. ಇದು ದೋಷವಲ್ಲ, ಗಾಜಿನ ಎಲೆಕ್ಟ್ರೋಡಿನ ಸ್ವಭಾವ. ಪಾಚಿ ತುಂಬಿದ ಕೆರೆಗಳ ಪಿಎಚ್ 7ರ ಮೇಲೆಯೇ ಇರುವುದರಿಂದ ಪಿಎಚ್ ಖಚಿತವಾಗಿ ಗೊತ್ತಿರುವ ದ್ರಾವಣಗಳಾದ 7 ಮತ್ತು 10ರ ಬಫರ್‌ಗಳಲ್ಲಿ ಎರಡು ಬಿಂದುವಿನ ಕ್ಯಾಲಿಬ್ರೇಷನ್ ಸಾಕು. ಕೈಗಾರಿಕಾ ಪ್ರದೇಶದ ಕಾಲುವೆಯಾದರೆ 4ರದ್ದೂ ಸೇರಿಸಿ.

ಪರದೆಯಲ್ಲಿ "ಕ್ಯಾಲಿಬ್ರೇಷನ್ ಸಕ್ಸಸ್" ಎಂದು ಬಂದರೆ ತೃಪ್ತಿಪಡಬೇಡಿ, ಮಿಲಿವೋಲ್ಟ್ ಅಂಕಿ ಬರೆದಿಡಿ. ಆದರ್ಶ ಸ್ಲೋಪ್, ಅಂದರೆ ಪಿಎಚ್ ಒಂದು ಬದಲಾದಾಗ ಮಿಲಿವೋಲ್ಟ್ ಎಷ್ಟು ಬದಲಾಗುತ್ತದೆ ಎಂಬುದು, 25 ಡಿಗ್ರಿಯಲ್ಲಿ ಪ್ರತಿ ಪಿಎಚ್‌ಗೆ 59.16 ಮಿಲಿವೋಲ್ಟ್. 55ರ ಕೆಳಗೆ ಇಳಿದರೆ ತೊಳೆದು ನೋಡಿ, ಆಗಲೂ ಏರದಿದ್ದರೆ ಹೊಸದಕ್ಕೆ ಆರ್ಡರ್ ಹಾಕುವ ಹೊತ್ತು. 7ರ ಬಫರಿನಲ್ಲಿ ಮಿಲಿವೋಲ್ಟ್ ಸೊನ್ನೆಯ ಎರಡೂ ಬದಿ 50ರೊಳಗಿರಬೇಕು. ತಿಂಗಳು ತಿಂಗಳು ಈ ಎರಡು ಅಂಕಿ ಬರೆದಿದ್ದರೆ ಸೆನ್ಸರ್ ಯಾವಾಗ ಕೈಕೊಡುತ್ತದೆ ಎಂಬುದು ಎರಡು ಮೂರು ತಿಂಗಳು ಮೊದಲೇ ಕಾಣುತ್ತದೆ. ಬರೆಯದೇ ಇದ್ದರೆ, ಕೆರೆಯ ಪಿಎಚ್ ವರ್ಷದುದ್ದಕ್ಕೂ ಇಳಿದಂತೆ ಗ್ರಾಫಿನಲ್ಲಿ ಕಂಡು, ಅದಕ್ಕೊಂದು ಕಾರಣವನ್ನೂ ಯಾರೋ ಹುಟ್ಟಿಸಿ, ಕೊನೆಗೆ ಅದು ಗಾಜಿನ ಮುಪ್ಪು ಎಂದು ಗೊತ್ತಾಗುತ್ತದೆ.

10ರ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಾನೇ ಇಳಿಯುತ್ತದೆ. ಒಮ್ಮೆ ಕಪ್ಪಿಗೆ ಸುರಿದದ್ದನ್ನು ಬಾಟಲಿಗೆ ವಾಪಸು ಹಾಕುವುದು ಉಳಿತಾಯವಲ್ಲ. ಲಕ್ಷಗಟ್ಟಲೆ ಕೊಟ್ಟು ಮೀಟರ್ ತಂದವರು ಬಫರಿಗೆ ಜಿಪುಣತನ ತೋರುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಹಳೆಯ ಬಫರನ್ನು ಸೆನ್ಸರ್ ತೊಳೆಯಲು ಬಳಸಿ, ಅಳೆಯಲು ಹೊಸದು. ಪಿಎಚ್ ಗಾಜನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ ಇಡಬಾರದು, ಒಳಗಿನ ಲವಣ ಸೋರಿಹೋಗುತ್ತದೆ. ದಿನನಿತ್ಯಕ್ಕೆ ಕಪ್ಪಿನಲ್ಲಿ ಸ್ವಲ್ಪ ನಲ್ಲಿ ನೀರಿನ ತೇವ ಸಾಕು, ತಿಂಗಳುಗಟ್ಟಲೆ ಇಡುವುದಾದರೆ ಪಿಎಚ್ ಮಾಡ್ಯೂಲ್ ತೆಗೆದು 4ರ ಬಫರಿನ ತೇವದಲ್ಲಿಡಿ.

ವಾಹಕತೆ, ಟರ್ಬಿಡಿಟಿ

ವಾಹಕತೆಯ ಸೆನ್ಸರ್ ಬಗ್ಗೆ ದೂರಿಲ್ಲ. ಒಂದೇ ಎಚ್ಚರ: ಬರೆಯುವುದು 25 ಡಿಗ್ರಿಗೆ ಹೊಂದಿಸಿದ ವಾಹಕತೆಯನ್ನು, ನೀರಿನಲ್ಲಿ ಕರಗಿದ ಒಟ್ಟು ಲವಣಾಂಶವಾದ ಟಿಡಿಎಸ್ ಅನ್ನು ಅಲ್ಲ. ಟಿಡಿಎಸ್ ಯಾವ ಮೀಟರೂ ಅಳೆಯುವುದಿಲ್ಲ, ವಾಹಕತೆಯನ್ನು ಒಂದು ಅಂಕಿಯಿಂದ ಗುಣಿಸಿ ತೋರಿಸುತ್ತದೆ. ಈ ಮೀಟರಿನಲ್ಲಿ ಅದು 0.65, ಆರ್‌ಒ ಅಂಗಡಿಯವರ ಜೇಬಿನ ಪೆನ್‌ಗಳಲ್ಲಿ ಹಲವದರಲ್ಲಿ 0.5. 1000 ಮೈಕ್ರೋಸೀಮೆನ್ಸ್‌ನ ಅದೇ ನೀರು ಒಂದರಲ್ಲಿ 650, ಇನ್ನೊಂದರಲ್ಲಿ 500. ಇಬ್ಬರು ಸ್ವಯಂಸೇವಕರ ನಡುವೆ ಜಗಳಕ್ಕೆ ಇಷ್ಟು ಸಾಕು.

ಟರ್ಬಿಡಿಟಿ ಸೆನ್ಸರ್ 860 ನ್ಯಾನೋಮೀಟರಿನ ಅವಗೆಂಪು ಬೆಳಕು ಬಳಸಿ ಎಫ್‌ಎನ್‌ಯು ಎಂಬ ಮಾನದಲ್ಲಿ ಹೇಳುತ್ತದೆ. ಲ್ಯಾಬಿನ ಎನ್‌ಟಿಯು ಬಿಳಿ ಬೆಳಕಿನದು. ಕಾಫಿ ಬಣ್ಣದ ಕೊಳಚೆಯಲ್ಲಿ ಎರಡೂ ಹೊಂದುವುದಿಲ್ಲ, ಒಂದೇ ಗ್ರಾಫಿನಲ್ಲಿ ಬೆರೆಸಬೇಡಿ. ನೊರೆಯಿರುವಲ್ಲಿ ಗುಳ್ಳೆಗಳು ಕಿಟಕಿಗೆ ಅಂಟಿಕೊಂಡು ಅಂಕಿ ಕುಣಿಯುತ್ತದೆ. ಅದ್ದಿದ ಮೇಲೆ ಎರಡು ಸಲ ಮೆತ್ತಗೆ ಕುಲುಕಿ ಕಾಯಿರಿ.

ಅಮೋನಿಯಾ: ಸೆನ್ಸರ್ ಬೇಡ, ಲೆಕ್ಕ ಬೇಕು

ಅಮೋನಿಯಂ ಸೆನ್ಸರಿನ ಆಯುಷ್ಯ ಮೂರರಿಂದ ಆರು ತಿಂಗಳು. ಪೊಟ್ಯಾಸಿಯಂ, ಸೋಡಿಯಂ ಎರಡನ್ನೂ ಅದು ಅಮೋನಿಯಂ ಎಂದು ತಪ್ಪು ತಿಳಿಯುತ್ತದೆ. ಮನೆಗಳ ಕೊಳಚೆಯಲ್ಲಿ ಆ ಎರಡೂ ಧಾರಾಳ. ಮೂರು ವರ್ಷದಲ್ಲಿ ಆರಕ್ಕೂ ಹೆಚ್ಚು ಮಾಡ್ಯೂಲ್ ಬದಲಿಸಬೇಕಾಗುತ್ತದೆ, ಅಷ್ಟಾದ ಮೇಲೂ ಸಿಗುವ ಅಂಕಿಯನ್ನು ನಂಬಲಾಗದು. ಒಟ್ಟು ಅಮೋನಿಯಾ ಸಾರಜನಕವನ್ನು ಲ್ಯಾಬಿನಲ್ಲಿ ಮಾಡಿಸಿ. ಮಾದರಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗಿಳಿಸಿ ಐಸ್ ಪೆಟ್ಟಿಗೆಯಲ್ಲಿ ಕಳಿಸಿ.

ಮೀಟರ್ ನಿಜವಾಗಿ ಸಹಾಯಕ್ಕೆ ಬರುವುದು ಆಮೇಲೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ 'ಡಿ' ದರ್ಜೆಗೆ, ಅಂದರೆ ಮೀನು ಮತ್ತು ವನ್ಯಜೀವಿಗಳಿಗೆ ಸಾಕಾಗುವ ನೀರಿಗೆ, ಪಿಎಚ್ 6.5ರಿಂದ 8.5, ಡಿಒ ಕನಿಷ್ಠ 4 ಮಿ.ಗ್ರಾಂ/ಲೀ, ಮುಕ್ತ ಅಮೋನಿಯಾ ಸಾರಜನಕ ಗರಿಷ್ಠ 1.2 ಮಿ.ಗ್ರಾಂ/ಲೀ. ಇಲ್ಲಿ ಹೇಳಿರುವುದು ಮೀನಿಗೆ ವಿಷವಾಗುವ ಮುಕ್ತ ಅಮೋನಿಯಾ, ಲ್ಯಾಬ್ ಕೊಡುವುದು ಅದರ ಜತೆ ಅಮೋನಿಯಂ ಕೂಡ ಸೇರಿದ ಒಟ್ಟು ಅಮೋನಿಯಾ. ನಡುವಿನ ಲೆಕ್ಕಕ್ಕೆ ಮಾದರಿ ತೆಗೆದ ಗಳಿಗೆಯ ಪಿಎಚ್ ಮತ್ತು ಉಷ್ಣತೆ ಬೇಕು. 25 ಡಿಗ್ರಿಯಲ್ಲಿ ಮುಕ್ತ ರೂಪದ ಪಾಲು ಪಿಎಚ್ 7.5ರಲ್ಲಿ ಶೇ 2ಕ್ಕಿಂತ ಕಡಿಮೆ, 8ರಲ್ಲಿ ಶೇ 5ರ ಮೇಲೆ, 8.5ರಲ್ಲಿ ಶೇ 15, 9ರಲ್ಲಿ ಶೇ 36. ಒಟ್ಟು 10 ಮಿ.ಗ್ರಾಂ/ಲೀ ಇರುವ ಕೆರೆಯನ್ನೇ ತೆಗೆದುಕೊಳ್ಳಿ. ಪಿಎಚ್ 7.5 ಇರುವಾಗ ಮುಕ್ತ ಅಮೋನಿಯಾ 0.2ನ್ನೂ ಮುಟ್ಟುವುದಿಲ್ಲ. ಅದೇ ನೀರಿನಲ್ಲಿ ಪಾಚಿ ಬಿಸಿಲು ಕಾಯಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಪಿಎಚ್ ಅನ್ನು 9ಕ್ಕೆ ಏರಿಸಿದರೆ 3.6 ಆಗುತ್ತದೆ, ಮಿತಿಯ ಮೂರು ಪಟ್ಟು. ಹೊಸ ಕೊಳಚೆ ಒಂದು ಹನಿಯೂ ಬರದೆ ಹಾಗಾಗುತ್ತದೆ. ಮೀನು ಸತ್ತ ದಿನ "ಅಮೋನಿಯಾ ಹಿಂದಿನಷ್ಟೇ ಇದೆಯಲ್ಲ" ಎಂದು ತಲೆ ಕೆರೆದುಕೊಳ್ಳುವವರು ಪಿಎಚ್ ಸಾಲನ್ನು ನೋಡಿರುವುದಿಲ್ಲ.

ಗಡಿಯಾರ ನೋಡಿ ಅಳೆಯಿರಿ

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಗಳಲ್ಲಿ ಬೆಂಗಳೂರಿನ ಕೆರೆಗಳು ಹೆಚ್ಚಾಗಿ 'ಡಿ' ಇಲ್ಲವೇ 'ಇ' ದರ್ಜೆಯಲ್ಲೇ ಇರುತ್ತವೆ. 'ಇ' ಎಂದರೆ ನೀರಾವರಿ, ಕೈಗಾರಿಕೆಯ ಯಂತ್ರ ತಂಪು ಮಾಡುವುದು, ನಿಯಂತ್ರಿತ ತ್ಯಾಜ್ಯ ವಿಲೇವಾರಿ ಇಷ್ಟಕ್ಕೆ ಮಾತ್ರ, ವಾಹಕತೆ 2250 ಮೈಕ್ರೋಸೀಮೆನ್ಸ್ ಮೀರಬಾರದು. ಆ ಪಟ್ಟಿಯ ಜತೆ ನಿಮ್ಮ ಅಂಕಿ ಇಟ್ಟು ನೋಡುವ ಮೊದಲು ಅಳೆದ ಸಮಯ ನೋಡಿ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಡಿಒ 15ನ್ನು ದಾಟಬಹುದು, ಬೆಳಗಿನ ಜಾವ 5ಕ್ಕೆ 1ರ ಕೆಳಗಿರಬಹುದು. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ. ಎರಡೂ ನಿಜವಾದ ಅಂಕಿಗಳೇ, ಆದರೆ ಒಂದು ತಿಂಗಳು ಮಧ್ಯಾಹ್ನದ್ದು, ಇನ್ನೊಂದು ತಿಂಗಳು ಬೆಳಗಿನದು ಬರೆದರೆ ಐದು ವರ್ಷದ ಸಾಲು ಕಸ. ಮೀನಿನ ಮೇಲೆ ಕಣ್ಣಿದ್ದರೆ ಸೂರ್ಯ ಹುಟ್ಟುವ ಆಸುಪಾಸಿನ ಅರ್ಧ ಗಂಟೆ ಗೊತ್ತುಮಾಡಿಕೊಂಡು ಬಿಡದೆ ಅದೇ ಹೊತ್ತಿಗೆ ಹೋಗಿ.

ರಾಜಕಾಲುವೆಗೆ ಬೇರೆ ಗಡಿಯಾರ. ಮನೆಗಳ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಮುಗಿಯುವ ಬೆಳಗಿನ ಹೊತ್ತು ಹರಿವು ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಮಳೆ ಬಂದ ದಿನ ಮೊದಲ ಅರ್ಧ ಗಂಟೆ ರಸ್ತೆಯ ಕೊಳೆಯೆಲ್ಲ ಕೊಚ್ಚಿಕೊಂಡು ಬರುತ್ತದೆ, ಆಮೇಲೆ ನೀರು ತೆಳುವಾಗಿ ವಾಹಕತೆ ಕುಸಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಅಂಕಿ ಚೆನ್ನಾಗಿ ಕಂಡರೆ ಕೆರೆ ಸುಧಾರಿಸಿತು ಎನ್ನುವ ಮೊದಲು ಹಿಂದಿನ ಮೂರು ದಿನದ ಮಳೆ ಎಷ್ಟು ಎಂಬ ಸಾಲನ್ನು ಪಕ್ಕದಲ್ಲಿಡಿ.

ಜಾಗ ಮೂರು ಬೇಕು: ಕಾಲುವೆ ಕೆರೆಗೆ ಸೇರುವಲ್ಲಿ, ಅಂತರಗಂಗೆ ಇಲ್ಲದ ನಡುನೀರಿನಲ್ಲಿ, ಕೋಡಿಯಲ್ಲಿ. ಏರಿಯ ಪಕ್ಕದ ಮೆಟ್ಟಿಲಿನಿಂದ ಬಕೆಟ್ಟಿನಲ್ಲಿ ಎತ್ತಿ ಅಳೆದರೆ ದಡದ ಜೊಂಡಿನ ನೀರು ಬರುತ್ತದೆ, ಜತೆಗೆ ಸುರಿಯುವಾಗ ಗಾಳಿ ಸೇರಿ ಡಿಒ ಏರುತ್ತದೆ. ಸೆನ್ಸರನ್ನೇ ನೀರಿಗಿಳಿಸಿ, ಮೇಲ್ಮೈಯಿಂದ 30 ಸೆಂ.ಮೀ. ಕೆಳಗೆ, ಕೇಬಲ್ಲಿಗೆ ಟೇಪ್ ಗುರುತು ಹಾಕಿ. ಜಿಪಿಎಸ್ ಜಾಗ ಬರೆದುಕೊಳ್ಳುತ್ತದೆ, ಆದರೆ ಕಾಲುವೆಯ ಯಾವ ದಡ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ, ಫೋಟೊ ಇಡಿ.

ಹರಿವು ಅಳೆಯದೆ ಕಾಲುವೆಯ ಅಂಕಿ ಅರ್ಧಂಬರ್ಧ. ಮೀಟರಿಗೆ ಅದು ಬಾರದು, ಒಂದು ನಿಂಬೆಹಣ್ಣು, ಒಂದು ಟೇಪು, ಫೋನಿನ ಸ್ಟಾಪ್‌ವಾಚ್ ಸಾಕು. ಕಾಲುವೆಯ ಅಗಲ 4 ಮೀಟರ್, ನೀರಿನ ಆಳ 0.3 ಮೀಟರ್, ನಿಂಬೆಹಣ್ಣು 10 ಮೀಟರ್ ಸಾಗಲು 25 ಸೆಕೆಂಡು ಎಂದಿಟ್ಟುಕೊಳ್ಳಿ. ಮೇಲಿನ ವೇಗ ಸೆಕೆಂಡಿಗೆ 0.4 ಮೀಟರ್, ತಳದ ಉಜ್ಜುವಿಕೆಗೆ 0.85ರಿಂದ ಗುಣಿಸಿದರೆ 0.34. ಅದನ್ನು 1.2 ಚದರ ಮೀಟರಿಗೆ ಗುಣಿಸಿ, 86.4ರಿಂದ ಮತ್ತೆ ಗುಣಿಸಿದರೆ ಸುಮಾರು 35 ಎಂಎಲ್‌ಡಿ, ಅಂದರೆ ದಿನಕ್ಕೆ 35 ದಶಲಕ್ಷ ಲೀಟರ್. ಬಿಒಡಿ, ಅಂದರೆ ನೀರಿನ ಕೊಳೆಯನ್ನು ತಿಂದು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, 60 ಮಿ.ಗ್ರಾಂ/ಲೀ ಬಂದಿದ್ದರೆ 35ನ್ನು 60ರಿಂದ ಗುಣಿಸಿ: ದಿನಕ್ಕೆ 2100 ಕಿಲೋ ಹೊರೆ. ಇದು ಆ ಒಂದು ಹೊತ್ತಿನ ಹರಿವಿನ ಲೆಕ್ಕ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಜಲಮಂಡಳಿಯ ಎಂಜಿನಿಯರ್ ಮುಂದೆ ಕೂತಾಗ ಮಾತು ಮುಂದಕ್ಕೆ ಹೋಗುವುದು ಈ ಕಿಲೋ ಲೆಕ್ಕದಿಂದ. ಕೆಳಗಿನ ಊರುಗಳಿಗೂ ಬೇಕಾದ್ದು ಇದೇ: ವೃಷಭಾವತಿ ಬೈರಮಂಗಲ ಜಲಾಶಯಕ್ಕೆ ಹೋಗುತ್ತದೆ, ಬೆಳ್ಳಂದೂರು–ವರ್ತೂರಿನ ನೀರು ದಕ್ಷಿಣ ಪಿನಾಕಿನಿಗೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ.

ಮೀಟರಿನಿಂದ ಆಗದ್ದು

ಬಿಒಡಿ, ಫಾಸ್ಫೇಟ್, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇವು ಲ್ಯಾಬಿನ ಕೆಲಸ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬ ಮಾತಿಗೆ ನಿಲ್ಲಬೇಡಿ. ಮಾನ್ಯತೆಯ ಪಟ್ಟಿ ತರಿಸಿ, ಅದರಲ್ಲಿ ಮೇಲ್ಮೈ ನೀರಿಗೆ ಬಿಒಡಿ ಇದೆಯೇ ನೋಡಿ. ಹಲವು ಲ್ಯಾಬ್‌ಗಳಿಗೆ ಕುಡಿಯುವ ನೀರಿಗೆ ಮಾತ್ರ ಮಾನ್ಯತೆ ಇರುತ್ತದೆ. ನಮ್ಮಲ್ಲಿ ಬಿಒಡಿ 27 ಡಿಗ್ರಿಯಲ್ಲಿ 3 ದಿನದ್ದು, ಹೊರದೇಶದ ಪುಸ್ತಕಗಳದು 20 ಡಿಗ್ರಿಯಲ್ಲಿ 5 ದಿನದ್ದು. ವರದಿಯಲ್ಲಿ ಅದನ್ನು ಬರೆಯಿಸಿಕೊಳ್ಳಿ. ಬಿಒಡಿ ಮಾದರಿ ಐಸಿನಲ್ಲಿ ಆರು ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಬೆಳಿಗ್ಗೆ ಆರಕ್ಕೆ ತೆಗೆದದ್ದು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮಧ್ಯಾಹ್ನ ತಲುಪಿದರೆ ದಾರಿಯಲ್ಲೇ ಸೂಕ್ಷ್ಮಜೀವಿಗಳು ಕೊಳೆಯನ್ನು ಅರ್ಧ ತಿಂದು ಮುಗಿಸಿರುತ್ತವೆ. ಕರಗಿದ ಫಾಸ್ಫೇಟ್‌ಗೆ ಜಾಗದಲ್ಲೇ 0.45 ಮೈಕ್ರಾನ್ ಫಿಲ್ಟರಿನಿಂದ ಸೋಸಿ, ಸಿರಿಂಜು ಮತ್ತು ಫಿಲ್ಟರ್ ಸಾಕು. ಹತ್ತು ಮಾದರಿಗೆ ಒಂದನ್ನು ಎರಡು ಬಾಟಲಿಗೆ ತುಂಬಿ, ಬೇರೆ ಹೆಸರಿನಲ್ಲಿ ಕಳಿಸಿ. ಎರಡರ ಅಂಕಿ ದೂರ ದೂರ ಬಂದರೆ ಲ್ಯಾಬ್ ಬದಲಿಸಿ.

ಅಗ್ಗದ ದಾರಿ ಬೇಕೇ? ಡಿಒಗೆ ವಿಂಕ್ಲರ್ ಪದ್ಧತಿ ಇನ್ನೂ ಚೆನ್ನಾಗಿದೆ. 300 ಮಿ.ಲೀ. ಬಿಒಡಿ ಬಾಟಲಿ, ಮ್ಯಾಂಗನಸ್ ಸಲ್ಫೇಟ್, ಅಜೈಡ್ ಬೆರೆತ ಕ್ಷಾರ-ಅಯೊಡೈಡ್, ಸಲ್ಫ್ಯೂರಿಕ್ ಆಮ್ಲ, ಗಂಜಿ, 0.025 ನಾರ್ಮಲ್ ಥಯೋಸಲ್ಫೇಟ್. 200 ಮಿ.ಲೀ. ಟೈಟ್ರೇಟ್ ಮಾಡಿದರೆ ಖರ್ಚಾದ ಪ್ರತಿ ಮಿ.ಲೀ. ಥಯೋಸಲ್ಫೇಟ್ ಎಂದರೆ 1 ಮಿ.ಗ್ರಾಂ/ಲೀ. ಅಜೈಡ್ ವಿಷ, ಸಿಂಕಿಗೆ ಸುರಿಯಬಾರದು. ಮೀಟರ್ ಇದ್ದವರೂ ವರ್ಷಕ್ಕೆರಡು ಸಲ ಇದರ ಜತೆ ತಾಳೆ ನೋಡಿ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಪಿಎಚ್ ಪೆನ್‌ಗಳನ್ನು ಶಾಲಾ ಮಕ್ಕಳಿಗೆ ತೋರಿಸಲು ಕೊಳ್ಳಿ, ದಾಖಲೆಗೆ ಬೇಡ.

ನೀರಿನಲ್ಲೇ ತಿಂಗಳುಗಟ್ಟಲೆ ಬಿಟ್ಟು ಬರುವ ಕೆಲಸಕ್ಕೆ ಪ್ರೋಡಿಎಸ್‌ಎಸ್ ಮಾಡಿದ್ದಲ್ಲ. ಅದೇ ಕಂಪನಿಯ ಎಕ್ಸೊ ಸರಣಿಯಲ್ಲಿ ಸೆನ್ಸರ್ ಒರೆಸುವ ಬ್ರಷ್ ಇರುತ್ತದೆ, ಬೆಲೆಯೂ ಬೇರೆಯೇ ಲೆಕ್ಕ. ಬ್ರಷ್ ಇಲ್ಲದ್ದನ್ನು ಕೊಳಚೆಯಲ್ಲಿ ಬಿಟ್ಟರೆ ದಿನಗಳಲ್ಲೇ ಲೋಳೆ ಕಟ್ಟಿ ಡಿಒ ತಪ್ಪುತ್ತದೆ. ಕಳ್ಳರ ಕಾಟವನ್ನು ಬೇರೆ ಹೇಳಬೇಕಿಲ್ಲ.

ಕೊಳ್ಳುವಾಗ

ಕೊಟೇಶನ್‌ನಲ್ಲಿ ಮೀಟರಿನ ಬೆಲೆ ಒಂದೇ ಸಾಲಿನಲ್ಲಿ ಬಂದರೆ ವಾಪಸು ಕಳಿಸಿ. ಬೇಕಾದ್ದು ಮೂರು ವರ್ಷದ ಬೆಲೆ: ಮೀಟರ್, ಕೇಬಲ್, ನಾಲ್ಕು ಸೆನ್ಸರ್, ಎರಡು ಬದಲಿ ಪಿಎಚ್ ಮಾಡ್ಯೂಲ್, ಒಂದು ಬದಲಿ ಡಿಒ ಕ್ಯಾಪ್, ಬಫರ್, ವಾಹಕತೆ ಮತ್ತು ಟರ್ಬಿಡಿಟಿ ಸ್ಟ್ಯಾಂಡರ್ಡ್, ಓ-ರಿಂಗ್. ಮೀಟರಿಗೆ ಮೂರು ವರ್ಷ ವಾರಂಟಿ ಇದೆ, ಸೆನ್ಸರ್‌ಗಳ ಅವಧಿ ಬೇರೆ ಬೇರೆ, ಒಂದೊಂದಕ್ಕೂ ಬರೆಯಿಸಿಕೊಳ್ಳಿ. ಬದಲಿ ಕ್ಯಾಪ್ ಬೆಂಗಳೂರಿನಲ್ಲೇ ಸ್ಟಾಕಿದೆಯೇ, ಆಮದಾಗಬೇಕಾದರೆ ಎಷ್ಟು ವಾರ ಎಂದು ಕೇಳಿ. ಬದಲಿ ಪಿಎಚ್ ಮಾಡ್ಯೂಲನ್ನು ಮಾತ್ರ ಮೊದಲೇ ತಂದು ಬೀರುವಿನಲ್ಲಿಡಬೇಡಿ, ಬಳಸದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಹಣ ಕಟ್ಟಿ, ಡೆಲಿವರಿಯನ್ನು ಒಂದು ವರ್ಷದ ನಂತರಕ್ಕೆ ಇಟ್ಟುಕೊಳ್ಳಿ.

ಡೇಟಾ ಕಂಪನಿಯ ಕೋರ್‌ಡಿಎಸ್‌ಎಸ್ ಎಂಬ ವಿಂಡೋಸ್ ತಂತ್ರಾಂಶದ ಮೂಲಕ ಇಳಿಯುತ್ತದೆ. ನೆನಪಿನಲ್ಲಿ ಒಂದು ಲಕ್ಷ ದಾಖಲೆ ಹಿಡಿಯುವುದರಿಂದ "ಆಮೇಲೆ ಇಳಿಸಿದರಾಯ್ತು" ಎಂಬ ಆಲಸ್ಯ ಸುಲಭ. ಅದೇ ದಿನ ಸಂಜೆ ಇಳಿಸಿ, ಕ್ಯಾಲಿಬ್ರೇಷನ್ ದಾಖಲೆಯ ಜತೆಗೆ ಸಿಎಸ್‌ವಿ ಮಾಡಿ ಎರಡು ಕಡೆ ಇಡಿ. ಹಳೆಯ ಮೀಟರಿನಿಂದ ಇದಕ್ಕೆ ಬದಲಾಗುತ್ತಿರುವವರು ಹಳೆಯದನ್ನು ಕೂಡಲೇ ಮೂಲೆಗೆ ಹಾಕಬೇಡಿ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಕೆಲವು ತಿಂಗಳು ಎರಡನ್ನೂ ಒಂದೇ ನೀರಿಗೆ ಒಟ್ಟಿಗೆ ಇಳಿಸಿ, ವ್ಯತ್ಯಾಸ ಎಷ್ಟೆಂದು ಬರೆದಿಟ್ಟ ಮೇಲೆ ಹಳೆಯದನ್ನು ಬಿಡಿ.